ಒಂದೇ ಎಲೆಗೆ ಹತ್ತು ಕೈ

ರಕ್ತಪರೀಕ್ಷೆಯ ಲ್ಯಾಬಿನ ಪ್ರೋಗ್ರಾಮು ರಿಪೇರಿಗೆಂದು ಬಂದಿದ್ದ ಪ್ರಫುಲ್ಲ ಒಳಗಿನ ಕೋಡ್ ನೋಡಿ ಮುಖ ಸಿಂಡರಿಸಿದಳು.

"ಸಾರ್, ಇದ್ರಲ್ಲಿ ಹತ್ತು ಥ್ರೆಡ್ ಹತ್ತು ಕೆಲಸದವರ ಹಾಗೆ ಒಟ್ಟಿಗೇ ಓಡ್ತವೆ, ಒಂದೊಂದೂ ಒಬ್ಬೊಬ್ಬರ ರಿಪೋರ್ಟ್ ತಯಾರು ಮಾಡುತ್ತೆ. ಪೇಷೆಂಟ್ ಹೆಸರು ಇಟ್ಕೊಳ್ಳೋಕೆ ಪ್ರತಿ ಥ್ರೆಡ್ಡಿಗೂ ಅದರದ್ದೇ ಜಾಗ ಬೇಕು. ಇಲ್ಲಿ ಎಲ್ಲಕ್ಕೂ ಸೇರಿ ಒಂದೇ ಜಾಗ. ಒಂದೇ ಬಾಳೆಲೆಗೆ ಹತ್ತು ಜನ ಕೈ ಹಾಕಿ ಕಲಸಿದ ಹಾಗೆ, ಥೂ!"

"ಅದಕ್ಕೇನೀಗ?" ಎಂದರು ಲ್ಯಾಬಿನ ಮಾಲೀಕರು, ಜಿಲೇಬಿ ಚೀಪುತ್ತಾ. ಪಾಕ ಗದ್ದಕ್ಕೆ ಇಳಿಯುತ್ತಿತ್ತು.

"ಒಬ್ಬರ ಹೆಸರು ಇನ್ನೊಬ್ಬರ ರಿಪೋರ್ಟಿಗೆ ಹೋಗಿ ಕೂರುತ್ತೆ. ಸರಿಯಾಗೋ ತನಕ ರಿಪೋರ್ಟ್ ಕೊಡೋದು ನಿಲ್ಸಿ."

"ಹುಳುಕು ಹುಡುಕೋದೇ ಆಯ್ತಲ್ಲಮ್ಮ ನಿಮಗೆ! ನಾನು ಸಿಹಿ ಬಿಟ್ಟು ವರ್ಷಗಳೇ ಆಗಿತ್ತು. ಬೆಳಿಗ್ಗೆ ನಮ್ಮ ಲ್ಯಾಬಲ್ಲೇ ರಕ್ತ ಕೊಟ್ಟೆ. ಶುಗರ್ ಪೂರ್ತಿ ನಾರ್ಮಲ್! ನೀವೇ ನೋಡಿ ಬೇಕಾದ್ರೆ."

ಇನ್ನೊಂದು ಜಿಲೇಬಿ ಬಾಯಿಗಿಟ್ಟು, ಅಂಟಂಟು ಬೆರಳಿನಲ್ಲೇ ಮೊಬೈಲ್ ಚಾಚಿದರು. ಮುಟ್ಟಲು ಹೇಸಿ ಅವಳು ಬಗ್ಗಿಯೇ ಓದಿದಳು.

ಹೆಸರು ಅವರದೇ, ಶುಗರ್ ನಾರ್ಮಲ್ಲೇ, ಅದರ ಕೆಳಗೆ ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್.