ಗೋಡೆ ಬಾರಿಸಿದವರು

ಲಯರತ್ನರು ‘ಮನುಷ್ಯತನ’ವನ್ನು ಮೂವತ್ತರಿಂದ ನಲವತ್ತಕ್ಕೆ ಏರಿಸುತ್ತಿದ್ದಾಗ ಪಕ್ಕದ ಮನೆಯವರು ಗೋಡೆ ಬಡಿದರು. ಮನುಷ್ಯತನವೆಂದರೆ ಲಯರತ್ನರದ್ದಲ್ಲ, ಕಂಪ್ಯೂಟರಿನಲ್ಲಿದ್ದ ಡ್ರಮ್ ಸಾಫ್ಟ್‌ವೇರಿನದು. ಒಂದು ಪುಟ್ಟ ತಾಳ ಹಾಕಿಕೊಟ್ಟರೆ ಸಾಕು, ಅದನ್ನು ತಾನೇ ತಿರುಚಿ, ಬೆಳೆಸಿ, ಗಳಿಗೆಗೊಂದು ಬಗೆಯಲ್ಲಿ ಬಾರಿಸುತ್ತ ಹೋಗುವ ಸಾಫ್ಟ್‌ವೇರ್ ಅದು. ಯಂತ್ರ ಬಾರಿಸಿದಂತೆ ಕೇಳಬಾರದೆಂದು ಅಲ್ಲಲ್ಲಿ ಕೊಂಚ ತಾಳ ತಪ್ಪಿಸುವ ಗುಂಡಿಗೆ ಆ ಹೆಸರಿಟ್ಟಿದ್ದರು. ಗುಂಡಿ ತಿರುಗಿಸುವುದಷ್ಟೇ ಸಂಗೀತ ನಿರ್ದೇಶಕ ಲಯರತ್ನರ ಕೆಲಸ. ‘ಲಯರತ್ನ’ ಎಂಬ ಬಿರುದು ಕೊಟ್ಟವರು ಯಾರೆಂದು ಮಾತ್ರ ಕೇಳಬಾರದು. ಲೆಟರ್‌ಹೆಡ್ ಅಚ್ಚು ಹಾಕಿಸುವಾಗ ಅದು ತಾನಾಗಿ ಬಂದು ಕೂತಿತ್ತು.

ಗೋಡೆಯಾಚೆಗೆ ಇದ್ದವರು ಒಬ್ಬ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಧಡ್ ಧಡ್, ಒಂದು ಬಿಡುವು, ಮತ್ತೆ ಧಡ್. ‘ಶುರುವಾಯ್ತು ಇವರದು’ ಎಂದು ಲಯರತ್ನರು ಹಲ್ಲು ಕಡಿದರು. ಆದರೆ ಮೈಕ್ ತೆರೆದೇ ಇತ್ತು; ‘ಸುತ್ತಲಿನ ಸದ್ದನ್ನೂ ಸೇರಿಸು’ ಎಂಬುದನ್ನು ಆಫ್ ಮಾಡಲು ಮರೆತಿದ್ದರು. ಸಾಫ್ಟ್‌ವೇರ್ ಆ ಬಡಿತವನ್ನು ಎತ್ತಿಕೊಂಡು ತಾಳದೊಳಗೆ ಹೊಸೆಯಿತು, ಇಮ್ಮಡಿ ಮಾಡಿತು, ಹಿಂದುಮುಂದು ಮಾಡಿತು. ಲಯರತ್ನರ ಮೈ ಜುಮ್ಮೆಂದಿತು. ಇಷ್ಟು ವರ್ಷ ಗುಂಡಿ ತಿರುಗಿಸಿದರೂ ಸಿಗದಿದ್ದದ್ದು ಬಿಟ್ಟಿಯಾಗಿ ಬಂದು ಮಡಿಲಿಗೆ ಬಿದ್ದಿತ್ತು. ಕೂಡಲೇ ಅದನ್ನು ತಾವು ಸಂಗೀತ ಕೊಡುತ್ತಿದ್ದ ಟಿ.ವಿ. ಧಾರಾವಾಹಿಯ ಡೈರೆಕ್ಟರಿಗೆ ಕಳಿಸಿದರು.

“ಆ ಬಡಿತ ಇದ್ಯಲ್ಲ, ಅದರಲ್ಲಿ ಸಿಟ್ಟಿದೆ ಕಣ್ರೀ. ನಮ್ಮ ಹೀರೋಯಿನ್‌ದೇ ಸಿಟ್ಟು ಅನ್ನಿಸ್ತು,” ಎಂದರು ಡೈರೆಕ್ಟರು ಫೋನಿನಲ್ಲಿ. “ಹೀಗೇ ಇನ್ನಷ್ಟು ಮಾಡ್ಕೊಡಿ. ಟೈಟಲ್ಲಲ್ಲಿ ನಿಮ್ಮದೊಂದೇ ಹೆಸರು ಹಾಕ್ತೀನಿ, ಪರದೆ ತುಂಬ.”

ಲಯರತ್ನರ ಕಣ್ಣು ತುಂಬಿತು. ಇದುವರೆಗೆ ಅವರ ಹೆಸರು ಬರುತ್ತಿದ್ದದ್ದು ಕಟ್ಟಕಡೆಗೆ, ಊಟ ಒದಗಿಸಿದವರು, ಗಾಡಿ ಓಡಿಸಿದವರು, ನಟಿಗೆ ಛತ್ರಿ ಹಿಡಿದವರ ಜೊತೆ, ಓದುವಷ್ಟರಲ್ಲಿ ಮೇಲಕ್ಕೆ ಓಡಿಹೋಗುವ ಸಾಲಿನಲ್ಲಿ. ಹೆಣ್ಣು ಕೊಟ್ಟ ಮಾವ ಕನ್ನಡಕ ಒರೆಸಿಕೊಂಡು ಕಾದು ಕೂತರೂ ಅದು ಒಮ್ಮೆಯೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. “ಇದೆಯೋ ಇಲ್ಲವೋ, ನೀವು ಹೇಳಿದ ಮೇಲೆ ನಂಬ್ತೀನಪ್ಪ,” ಎಂದು ಎಲ್ಲರೆದುರು ಹೇಳಿ ಎದ್ದು ಹೋಗುತ್ತಿದ್ದರು. ಈ ಸಲ ಮಾವನವರು ಕನ್ನಡಕವಿಲ್ಲದೆಯೇ ಓದಬೇಕು.

ಮಾರನೆಯ ದಿನದಿಂದ ಮನೆಯಲ್ಲಿ ಹೊಸ ಪದ್ಧತಿ. ಸಿಸ್ಟರ್ ಕೆಲಸದಿಂದ ಬಂದು, ಚಿಲಕ ಹಾಕಿಕೊಂಡು, ಇನ್ನೇನು ಕಣ್ಣು ಹತ್ತಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಲಯರತ್ನರು ಸ್ಪೀಕರನ್ನು ಗೋಡೆಗೆ ಮುಖ ಮಾಡಿಟ್ಟು ಸದ್ದು ಏರಿಸುತ್ತಿದ್ದರು. ವೇಗ ಹೆಚ್ಚಿಸಿದರೆ ಅವರು ಎಷ್ಟು ತಡೆದುಕೊಳ್ಳುತ್ತಾರೆ, ತಾಳ ಬದಲಿಸುವ ಗುಂಡಿ ತಿರುಗಿಸಿದರೆ ಎಷ್ಟು ಜೋರಾಗಿ ಬಡಿಯುತ್ತಾರೆ ಎಂಬುದೆಲ್ಲ ವಾರದೊಳಗೆ ಕರತಲಾಮಲಕವಾಯಿತು.

“ಪಾಪ, ರಾತ್ರಿಯೆಲ್ಲ ಆಸ್ಪತ್ರೆಲಿ ನಿಂತೇ ಇರ್ತಾರೆ ಕಣ್ರೀ ಅವರು,” ಎಂದರು ಹೆಂಡತಿ.

“ಕಲೆ ಅಂದ್ಮೇಲೆ ತ್ಯಾಗ ಮಾಡಬೇಕಾಗತ್ತೆ.”

“ಯಾರು?”

ಲಯರತ್ನರು ಹೆಡ್‌ಫೋನ್ ಹಾಕಿಕೊಂಡರು.

ಅಷ್ಟರಲ್ಲಿ ಡೈರೆಕ್ಟರ ಫೋನು ಬಂತು. “ಚಾನೆಲ್ಲಿನವರು ತಲೆದೂಗಿಬಿಟ್ರು. ಇದು ಕಂಪ್ಯೂಟರ್ ಬಾರಿಸಿದ್ದಲ್ಲವೇ ಅಲ್ಲ ಅಂತಾರೆ. ಯಾರ್ರೀ ಬಾರಿಸಿದ್ದು?”

ಟೈಟಲಿನಲ್ಲಿ ಎರಡು ಹೆಸರು ಹಿಡಿಸೀತೇ ಎಂದು ಲಯರತ್ನರು ಒಂದು ಗಳಿಗೆ ಯೋಚಿಸಿದರು. ಧಾರಾಳವಾಗಿ ಹಿಡಿಸುತ್ತಿತ್ತು. ಮನಸ್ಸು ಒಪ್ಪಲಿಲ್ಲ.

“ನಾನೇ ಸಾರ್. ನಮ್ಮನೆ ಗೋಡೆ ಮೇಲೆ, ಬರೀ ಕೈಯಲ್ಲಿ.”

“ಭೇಷ್. ನಾಳೆ ಕ್ಯಾಮೆರಾ ತರ್ತೀವಿ. ಅದೇ ಗೋಡೆ ಮೇಲೆ ನಮ್ಮೆದುರಿಗೇ ಬಾರಿಸಿ. ಟೈಟಲ್ ಜೊತೆ ಅದನ್ನೂ ತೋರಿಸೋಣ.”

ಲಯರತ್ನರು ಕಂಪ್ಯೂಟರನ್ನು ಆಫ್ ಮಾಡಿ ಗೋಡೆಯೆದುರು ನಿಂತರು. ಮೊದಲು ಬೆರಳಲ್ಲಿ ತಟ್ಟಿದರು. ಯಾರೋ ಸಾಲಕ್ಕೆ ಸಕ್ಕರೆ ಕೇಳಲು ಬಂದಂತಿತ್ತು. ಸಿಟ್ಟು ಬೇಕು, ಸಿಟ್ಟು. ಮಾವನವರನ್ನು ನೆನೆದರು. ತಮಗಿಂತ ಚಿಕ್ಕವನಿಗೆ ಬಂದ ಪ್ರಶಸ್ತಿಯನ್ನು ನೆನೆದರು. ಮುಷ್ಟಿ ಕಟ್ಟಿ ಎರಡೂ ಕೈಯಲ್ಲಿ ಗುದ್ದಿದರು. ಬೆರಳ ಗೆಣ್ಣು ಕೆಂಪಾಯಿತು, ಗೋಡೆಯ ಬಣ್ಣ ಉದುರಿತು, ಸಿಟ್ಟು ಬರಲಿಲ್ಲ. ಬಂದದ್ದು ಭಯ. ನಾಳೆ ಅಷ್ಟು ಜನರೆದುರು ಮಾನ ಹರಾಜಾಗುವ ಭಯ. ಆ ಭಯಕ್ಕೇ ಮೈಮೇಲೆ ಬಂದವರಂತೆ ಬಡಿಯತೊಡಗಿದರು.

“ಏನ್ರೀ ಇದು?” ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಓಡಿಬಂದರು.

“ಪ್ರಾಕ್ಟೀಸು.”

ಕರೆಗಂಟೆ ಬಿಡದೆ ಹೊಡೆದುಕೊಂಡಿತು. ಬಂತು ಮಾರಿ ಎಂದುಕೊಂಡ ಲಯರತ್ನರು, ಬೈಸಿಕೊಳ್ಳಲು ಮುಖವನ್ನು ಸಜ್ಜು ಮಾಡಿಕೊಂಡು ಬಾಗಿಲು ತೆರೆದರು. ಸಿಸ್ಟರ್ ನಿಂತಿದ್ದರು. ಬಿಚ್ಚಿದ ಕೂದಲು, ಬರಿಗಾಲು, ನಿದ್ದೆಗೆಟ್ಟು ಕೆಂಪಾದ ಕಣ್ಣು. ಒಂದು ಕೈಯಲ್ಲಿ ಬಿ.ಪಿ. ನೋಡುವ ಮಿಷನ್ನು, ಇನ್ನೊಂದರಲ್ಲಿ ಔಷಧಿಯ ಡಬ್ಬಿ. ಲಯರತ್ನರನ್ನು ಪಕ್ಕಕ್ಕೆ ಸರಿಸಿಕೊಂಡು ಒಳಗೆ ಬಂದವರೇ ಗಾಬರಿಯಿಂದ ಕೋಣೆಯ ತುಂಬ ಕಣ್ಣಾಡಿಸಿದರು.

“ಗೋಡೆ ಬಡಿದ್ರಲ್ಲ, ಯಾರಿಗೆ ಏನಾಯ್ತು?”