ಕೋರೆಯ ನಡುಗೋಡೆ

ಈಗಲೂ ಕೂಳೂರಿನ ಕಟ್ಟಡದ ಸೈಟಿನಲ್ಲಿ ಕೆಂಪುಕಲ್ಲಿಗೆ ನೀರು ಬಿದ್ದು ವಾಸನೆ ಎದ್ದರೆ, ಕೈಯ ಕರಣೆ ಕೆಳಗಿಟ್ಟು ಒಂದು ಗಳಿಗೆ ನಿಲ್ಲುತ್ತೇನೆ.

ನಾನು ಶಾಲೆಗೆ ಹೋದ ಕೊನೆಯ ವರ್ಷ ಅದು. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದ ಅಪ್ಪನಿಗೆ ರಜೆಯಲ್ಲಿ ಗಂಜಿ ಒಯ್ಯುವವನು ನಾನು. ನೀರು ತುಂಬಿದ ಎರಡು ಹಳೆಯ ಹೊಂಡಗಳ ನಡುವೆ, ಕಡಿಯದೆ ಬಿಟ್ಟ ಮೊಳ ಅಗಲದ ಎತ್ತರದ ಗೋಡೆಯೊಂದಿತ್ತು. ಅಪ್ಪನಿದ್ದ ದಡಕ್ಕೆ ಅದೇ ಹತ್ತಿರದ ದಾರಿ.

"ಸುತ್ತು ಹಾಕಿ ಹೋಗು. ಆ ಗೋಡೆಯ ಮೇಲೆ ಎಂತ ಉಂಟು ನಿನಗೆ?" ಎಂದು ಅಮ್ಮ ದಿನವೂ ಬೈಯುತ್ತಿದ್ದರು.

ಆ ಮಧ್ಯಾಹ್ನ ಹತ್ತಿಯೇ ಬಿಟ್ಟೆ. ಮೊದಲು ಹಾರುತ್ತಿದ್ದೇನೆ ಅನ್ನಿಸಿತು. ಅರ್ಧ ದಾರಿಯಲ್ಲಿ ಕಾಲಡಿಯ ಸದ್ದು ಬದಲಾಯಿತು. ಒಳಗೆಲ್ಲ ಪೊಳ್ಳು, ಖಾಲಿ ಕೊಡ ಬಡಿದ ಹಾಗೆ. ಅದೇ ಹೊತ್ತಿಗೆ ಆಚೆ ದಡದಲ್ಲಿ ಕಲ್ಲು ಕಡಿಯುವವರ ಪಿಕ್ಕಾಸುಗಳೆಲ್ಲ ಒಟ್ಟಿಗೆ ನಿಂತವು. ಯಾರೂ ಕೂಗಲಿಲ್ಲ. ಕೆಳಗಿನ ಹಸಿರು ನೀರು ಅಲುಗಲಿಲ್ಲ. ನನ್ನ ಕಾಲೂ ಏಳಲಿಲ್ಲ.

ಆಮೇಲೆ ಒಂದೇ ಒಂದು ಪಿಕ್ಕಾಸು ಶುರುವಾಯಿತು. ಟಕ್. ಟಕ್. ಯಾರದೆಂದು ತಲೆ ಎತ್ತಿ ನೋಡುವ ಧೈರ್ಯ ಇರಲಿಲ್ಲ. ಒಂದು ಏಟಿಗೆ ಒಂದು ಹೆಜ್ಜೆ ಇಡುತ್ತಾ ದಡ ಮುಟ್ಟಿದೆ.

"ಗಂಜಿ ತಣಿದು ಹೋಯಿತಲ್ಲ ಮಾರಾಯ. ಎಂತ, ಇರುವೆ ಎಣಿಸ್ತಾ ಬಂದದ್ದಾ?" ಎಂದರು ಅಪ್ಪ, ನನ್ನ ಮುಖ ನೋಡದೆ.

ಒಂದು ಕಲ್ಲಿನ ಮೂಲೆಯೂ ಮುರಿಯದ ಕೈ ಅವರದು. ಅವರ ಕಾಲಬುಡದಲ್ಲಿ, ಕಡಿದು ಮುಗಿಸಿದ್ದ ಕಲ್ಲೊಂದು ಪಿಕ್ಕಾಸಿನ ಏಟಿಗೆ ಪುಡಿಪುಡಿಯಾಗಿ ಬಿದ್ದಿತ್ತು.