ಆ ಕಡೆ ಬನ್ನಿ

ಹೆದ್ದಾರಿಯಿಂದ ಬಡಾವಣೆಗೆ ವಾಹನಗಳು ನುಗ್ಗುವ ತಿರುವಿನಲ್ಲಿ ಈ ವರ್ಷ ಇಬ್ಬರು ಕಾಲು ಮುರಿದುಕೊಂಡಿದ್ದರು. ಅಲ್ಲಿ ಹಂಪ್ ಹಾಕಿಸಿ ಎಂದು ಪುಟ್ಟತಾಯಮ್ಮ ಕೊಟ್ಟ ಏಳನೆಯ ಅರ್ಜಿಗೆ ಕೊನೆಗೂ ಎಂಜಿನಿಯರ್ ಬಂದರು.

"ಅಪಾಯ ಏನೂ ಇಲ್ಲ ಅಂತ ಬರ್ಕೊಂಡೇ ಬಂದಿದೀನಿ. ನೀವೊಂದು ಸೈನ್ ಹಾಕ್ಬಿಡಿ, ಅಮ್ಮ."

"ಆಗಲಿ ಸಾರ್. ನಾವು ದಿನಾ ದಾಟೋ ಹಾಗೆ ನಡ್ಕೊಂಡು ಆ ಕಡೆ ಬನ್ನಿ. ಅಲ್ಲೇ ಹಾಕ್ತೀನಿ."

ಆಕೆ ಸೆರಗು ಬಿಗಿದು ದಾಟಿ ನಿಂತರು. ಎಂಜಿನಿಯರ್ ರಸ್ತೆಗೆ ಕಾಲಿಟ್ಟರು; ಲಾರಿಯೊಂದು ನುಗ್ಗಿತು, ಹಿಂದಕ್ಕೆ ಹಾರಿದರು. ಮತ್ತೆ ಕಾಲಿಟ್ಟರು, ಮತ್ತೆ ಹಾರಿದರು.

"ಬನ್ನಿ ಸಾರ್, ಪೆನ್ನು ಹಿಡ್ಕೊಂಡೇ ನಿಂತಿದೀನಿ!" ಎಂದು ಆಕೆ ಕೂಗಿದರು.

ಕಾಲು ಗಂಟೆಯ ಮೇಲೆ ಎಂಜಿನಿಯರ್ ಫೋನ್ ತೆಗೆದು ಡ್ರೈವರನಿಗೆ ಹೇಳಿದರು: "ಜೀಪು ತಗೊಂಡು ಬಾರಯ್ಯ, ರಸ್ತೆ ದಾಟ್ಬೇಕು."